ಮಗಳ ಕಿವಿ, ನಮ್ಮ ಗಂಟಲು

ಮಗಳಿಗೆ ಮೊದಲ ಸಲ ಕಿವಿನೋವು ಬಂದಾಗ ನಾವು ಎಸ್ಪ್ಲನೇಡ್ ಪೇಟೆಯಲ್ಲಿದ್ದೆವು. ದುರ್ಗಾಪೂಜೆಗೆ ಹೊಸ ಬಟ್ಟೆ ಕೊಳ್ಳುವವರ ನೂಕುನುಗ್ಗಲಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದೆ. ಆಗ ಅವಳಿಗೆ ಎರಡೂವರೆ ವರ್ಷ. ಇದ್ದಕ್ಕಿದ್ದಂತೆ ನನ್ನ ಎಡಗಿವಿ ಹಿಡಿದು ಎಳೆದಳು. ಕುದುರೆ ಆಟ ಅಂದುಕೊಂಡು ನಾನು ಕೆನೆದೆ. ಇನ್ನೂ ಜೋರಾಗಿ ಎಳೆದಳು. ನಾನು ಇನ್ನೂ ಜೋರಾಗಿ ಕೆನೆದು ಎರಡು ಹೆಜ್ಜೆ ಕುಣಿದೆ. ಸೀರೆ ಅಂಗಡಿಯ ಮುಂದಿದ್ದವರೆಲ್ಲ ನಕ್ಕರು.

"ಅವಳು ಅಳ್ತಿದಾಳೆ ಕಣೋ, ಕೆಳಗಿಳಿಸೋ!" ಎಂದು ಹೆಂಡತಿ ಹಿಂದಿನಿಂದ ಕೂಗಿದಳು.

ಇಳಿಸಿ ನೋಡಿದರೆ ಮುಖವೆಲ್ಲ ಕೆಂಪು, ಮೈ ಕೆಂಡ. ಪಾಪ, ಕಿವಿ ಅನ್ನುವುದು ಅವಳಿಗೆ ಗೊತ್ತಿತ್ತು, ನೋವು ಅನ್ನುವುದೂ ಗೊತ್ತಿತ್ತು, ಎರಡನ್ನೂ ಜೋಡಿಸಿ ಹೇಳುವುದು ಗೊತ್ತಿರಲಿಲ್ಲ. ಹಾಗಾಗಿ ಹತ್ತಿರ ಸಿಕ್ಕ ಕಿವಿಯನ್ನು ಎಳೆದು ತೋರಿಸಿದ್ದಳು. ಆ ಕಿವಿಯ ಒಡೆಯ ಕೆನೆಯುತ್ತಿದ್ದ.

ನಾನು ಬಂಗಾಳದ ಈ ದೊಡ್ಡ ಊರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಹೆಂಡತಿಗೆ ಸಾಫ್ಟ್‌ವೇರ್ ಕಂಪನಿಗಳಿರುವ ಸೆಕ್ಟರ್ ಫೈವ್‌ನಲ್ಲಿ ಕೆಲಸ. ಇಬ್ಬರೂ ಮೈಸೂರಿನವರು. ಮಗಳು ಹುಟ್ಟಿದ್ದು ಇಲ್ಲೇ. ಅವಳಿಗೆ ಮನೆಯಲ್ಲಿ ಕನ್ನಡ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷು ಮತ್ತು ಹಿಂದಿ, ಮೆಟ್ಟಿಲಿಳಿದರೆ ಬಂಗಾಳಿ. ಆ ಪ್ಲೇಸ್ಕೂಲಿನಲ್ಲಿ ಒಂದು ಮಗುವಿನ ಮೂಗು ಸೋರಿದರೆ ಸಾಕು, ವಾರ ಕಳೆಯುವುದರೊಳಗೆ ಎಲ್ಲರ ಮೂಗೂ ಸೋರುತ್ತಿತ್ತು. ಬೇರೆ ಮಕ್ಕಳದು ಮೂಗಿನಲ್ಲೇ ಮುಗಿದುಹೋಗುತ್ತಿತ್ತು. ನಮ್ಮವಳದು ಮೂಗಿನಿಂದ ಸೀದಾ ಕಿವಿಗೆ.

ಮಕ್ಕಳ ಡಾಕ್ಟರು ವಯಸ್ಸಾದವರು, ನಗುಮುಖದವರು. ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೂಗಿನ ಹಿಂಭಾಗದಿಂದ ಕಿವಿಯ ಒಳಗಡೆಗೆ ಒಂದು ಸಣ್ಣ ಕೊಳವೆ ಇರುತ್ತದೆ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ, ಚಿಕ್ಕ ಮಕ್ಕಳಲ್ಲಿ ಗಿಡ್ಡಗೆ ಅಡ್ಡಡ್ಡ ಮಲಗಿರುತ್ತದೆ. ನೆಗಡಿ ಬಂದಾಗ ಅದು ಕಟ್ಟಿಕೊಳ್ಳುತ್ತದೆ, ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಅಲ್ಲೇ ಸೋಂಕು. "ಮಗು ಬೆಳೆದ ಹಾಗೆ ಕೊಳವೆಯೂ ಬೆಳೆಯುತ್ತೆ. ಅಲ್ಲೀವರೆಗೂ ನಾವು ನೀವು ಆಗಾಗ ಭೇಟಿಯಾಗ್ತಾ ಇರೋಣ" ಅಂದರು ಹಿಂದಿಯಲ್ಲಿ. ನಾವು ಮಾತಿಗೆ ಹೇಳಿದ್ದು ಅಂದುಕೊಂಡೆವು. ಆಮೇಲೆ ನೋಡಿದರೆ ಅವರ ಕಾಯುವ ಕೋಣೆಯಲ್ಲಿ ನಮ್ಮ ಮಗಳಿಗೆ ಅಂತಲೇ ಒಂದು ಮೂಲೆ, ಒಂದು ಆಟದ ಬಸ್ಸು ಕಾಯಂ ಆಗಿಬಿಟ್ಟವು.

ಪ್ರತಿ ಸಲವೂ ಅದೇ ಗುಲಾಬಿ ಬಣ್ಣದ ಔಷಧಿ. ಅದನ್ನು ಕುಡಿಸುವುದು ನಮ್ಮ ಮನೆಯಲ್ಲಿ ದಿನದ ದೊಡ್ಡ ನಾಟಕ. ಮೊದಲು ಬಟ್ಟೆಯ ಆನೆಗೆ ಕೊಡಬೇಕು. ಆಮೇಲೆ ಕಾಲು ಮುರಿದ ಗೊಂಬೆಗೆ. ಆಮೇಲೆ ಅಪ್ಪನಿಗೆ. ನಾನು ಖಾಲಿ ಚಮಚ ಬಾಯಿಗಿಟ್ಟುಕೊಂಡು "ಆಹಾ, ಸ್ಟ್ರಾಬೆರಿ!" ಎಂದು ಕಣ್ಣು ಮುಚ್ಚಬೇಕು. ಒಂದು ದಿನ ಅವಸರದಲ್ಲಿ ಕಣ್ಣು ಮುಚ್ಚಲು ಮರೆತೆ. "ಅಪ್ಪ ಸುಳ್ಳು" ಎಂದು ತೀರ್ಪು ಕೊಟ್ಟು ಹಲ್ಲು ಕಚ್ಚಿಕೊಂಡಳು. ಎರಡೇ ದಿನಕ್ಕೆ ಜ್ವರ ಇಳಿದು ಸೋಫಾ ಮೇಲಿಂದ ಧುಮುಕತೊಡಗುತ್ತಿದ್ದಳು. ಆದರೂ ಡಾಕ್ಟರು ಹೇಳಿದಷ್ಟು ದಿನ ಔಷಧಿ ನಿಲ್ಲಿಸುವಂತಿರಲಿಲ್ಲ. ಧುಮುಕುತ್ತಿರುವ ಮಗುವಿನ ಬಾಯಿಗೆ ಗುರಿಯಿಟ್ಟು ಔಷಧಿ ಹಾಕುವುದರಲ್ಲಿ ಹೆಂಡತಿ ಪಳಗಿದಳು. ನನ್ನ ಅಂಗಿಗಳೆಲ್ಲ ಗುಲಾಬಿಯಾದವು.

ಇನ್ನು ಸಲಹೆಗಳು. ಕಿವಿ ಅಂದರೆ ಈ ಊರಿಗೆ ನೆನಪಾಗುವುದು ಮಂಕಿ ಟೋಪಿ. ಹೊರಗೆ ಬೆವರು ಧಾರಾಕಾರ ಹರಿಯುತ್ತಿದ್ದರೂ ಬಸ್ಸಿನಲ್ಲಿ ಪಕ್ಕ ಕೂತವರು "ಟೋಪಿ ಎಲ್ಲಿ?" ಎಂದು ಗದರುತ್ತಿದ್ದರು. ಮೈಸೂರಿನಿಂದ ಅಮ್ಮನದು ಬೇರೆಯೇ ಹಟ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ತೊಟ್ಟು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು. ಡಾಕ್ಟರು ಕಿವಿಗೆ ಏನೂ ಬಿಡಬೇಡಿ ಅಂದಿದ್ದಾರೆ ಎಂದರೆ ನಂಬಲಿಲ್ಲ. "ಆ ಡಾಕ್ಟ್ರಿಗೇ ಫೋನ್ ಕೊಡು, ನಾನು ಮಾತಾಡ್ತೀನಿ" ಅಂದರು. ಕೊನೆಗೆ ಒಂದು ದಿನ ಡಾಕ್ಟರ ಕೋಣೆಯಲ್ಲಿ ಕೂತೇ ಅಮ್ಮನಿಗೆ ವೀಡಿಯೊ ಕರೆ ಮಾಡಿ ಫೋನನ್ನು ಅವರ ಕಡೆ ಹಿಡಿದೆ.

ಅಮ್ಮನಿಗೆ ಹಿಂದಿ ಬಾರದು, ಡಾಕ್ಟರಿಗೆ ಕನ್ನಡ ಬಾರದು. ಅಮ್ಮ ಬೆಳ್ಳುಳ್ಳಿ ಸುಲಿಯುವುದರಿಂದ ಶುರುಮಾಡಿ ಎಣ್ಣೆ ಆರಿಸುವವರೆಗೂ ವಿವರವಾಗಿ ಹೇಳಿದರು. ಡಾಕ್ಟರು ಬಹಳ ಗೌರವದಿಂದ ತಲೆಯಾಡಿಸುತ್ತ ಕೇಳಿ, ಕಿವಿ ತೋರಿಸಿ, ಕೈ ಆಡಿಸಿ, "ತೇಲ್ ನಹೀ, ಮಾ. ತೇಲ್ ಬಿಲ್ಕುಲ್ ನಹೀ" ಅಂದರು.

"ಏನೋ ಅದು? ಏನು ತೇಲಲ್ವಂತೆ?" ಎಂದು ಅಮ್ಮ ನನ್ನನ್ನು ಕೇಳಿದರು.

"ತೇಲಲ್ಲ ಅಂತಲ್ಲಮ್ಮ, ಎಣ್ಣೆ ಬೇಡ ಅಂತಿದಾರೆ."

"ಇಲ್ಲ ಬಿಡು, ಅವರು ತಲೆ ಆಡಿಸಿದ್ದು ನಾನು ನೋಡಿದೆ. ಒಪ್ಕೊಂಡಿದಾರೆ. ನೀನು ಮಧ್ಯ ಬಾಯಿ ಹಾಕ್ಬೇಡ."

ಡಾಕ್ಟರು ಫೋನಿಗೆ ಕೈ ಮುಗಿದರು. ಅಮ್ಮನೂ ಮುಗಿದರು. ಇಬ್ಬರೂ ಗೆದ್ದ ಮುಖ ಮಾಡಿಕೊಂಡಿದ್ದರು. ನಾವು ಕಿವಿಗೆ ಎಣ್ಣೆ ಬಿಡಲಿಲ್ಲ. ಅಮ್ಮ ಇಂದಿಗೂ ಬಿಟ್ಟಿದ್ದೇವೆ ಅಂದುಕೊಂಡಿದ್ದಾರೆ.

ಹೀಗೆ ಒಂದು ವರ್ಷ ಕಳೆಯುವ ಹೊತ್ತಿಗೆ ಮನೆಯಲ್ಲಿ ಹೊಸದೊಂದು ತಮಾಷೆ ಶುರುವಾಗಿತ್ತು. ನಾವು ಹೇಳಿದ್ದು ಒಂದು, ಮಗಳು ಮಾಡುವುದು ಇನ್ನೊಂದು. ತಟ್ಟೆ ತಾ ಅಂದರೆ ಹೋಗಿ ಬಟ್ಟೆ ತರುತ್ತಿದ್ದಳು. ಹಲ್ಲು ತೋರಿಸು ಅಂದರೆ ಗೋಡೆಯ ಮೇಲೆ ಹಲ್ಲಿ ಹುಡುಕುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು "ಸೊಪ್ಪು ತಿನ್ನು ಪುಟ್ಟಿ" ಅಂದೆ. ಕಣ್ಣರಳಿಸಿಕೊಂಡು ನನ್ನನ್ನು ನೋಡಿ, "ಅಪ್ಪಾ! ಸೋಪು ತಿನ್ನಬಾರದು! ಹೊಟ್ಟೇಲಿ ಗುಳ್ಳೆ ಬರುತ್ತೆ!" ಎಂದು ಬುದ್ಧಿ ಹೇಳಿದಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಸಿಕ್ಕಿದವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದೆವು. ತಲೆಯಲ್ಲಿ ನಾಲ್ಕು ಭಾಷೆ ಇಟ್ಟುಕೊಂಡ ಮಗು, ಕಲಸಿಕೊಳ್ಳುತ್ತಾಳೆ ಅಂದುಕೊಂಡೆವು. ಕೇಳಿದವರೂ ಹಾಗೇ ಅಂದರು.

ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ನಡೆದಿತ್ತು. ನಮಗದು ಗೊತ್ತೇ ಆಗಿರಲಿಲ್ಲ. ಒಂದು ದಿನ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸರ್, ಮೈಕ್ ಆರಿಸಬಹುದಾ?" ಎಂದು ಕೇಳಿದಳು. ಮೈಕ್ ಆ ದಿನ ಕೆಟ್ಟಿತ್ತು, ನಾನು ಬರೀ ಬಾಯಲ್ಲಿ ಪಾಠ ಮಾಡುತ್ತಿದ್ದೆ. ಹೆಂಡತಿಯ ಆಫೀಸಿನಲ್ಲಿ ಅವಳು ಫೋನಿನಲ್ಲಿ ಮಾತಾಡಲು ಶುರುಮಾಡಿದರೆ ಅಕ್ಕಪಕ್ಕದವರು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರಂತೆ. ಟಿವಿಯ ಸದ್ದು ಏರುತ್ತ ಏರುತ್ತ ಇನ್ನು ಏರಿಸಲು ಜಾಗವಿಲ್ಲದ ಕಡೆ ನಿಂತಿತ್ತು. ಯಾವುದೂ ನಮಗೆ ವಿಚಿತ್ರ ಅನ್ನಿಸಿರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದಾರೆ. ಆಕೆಯನ್ನು ನಾವು ಮಾಶಿಮಾ ಅನ್ನುತ್ತೇವೆ, ಇಲ್ಲಿ ಚಿಕ್ಕಮ್ಮನನ್ನು ಕರೆಯುವ ಹಾಗೆ. ಒಂದು ಭಾನುವಾರ ಬೆಳಿಗ್ಗೆ ಮೂವರೂ ತರಕಾರಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದೆವು. ಮಾಶಿಮಾ ಬಾಗಿಲಲ್ಲೇ ನಿಂತಿದ್ದರು. ಮಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಮುಖ ಗಂಟುಹಾಕಿಕೊಂಡು, ಇಡೀ ಕಟ್ಟಡ ನಡುಗುವ ಹಾಗೆ ಕೂಗಿದರು:

"ಚೊಪ್ಪೊಲಿ ಹಾಕ್ಕೋ! ಎಷ್ಟ್ ಸೊಲ ಹೇಳ್ಬೇಕು! ಕಿಬಿ ಕೇಳ್ಸೊಲ್ಬಾ?"

ಅಚ್ಚ ಕನ್ನಡ! ನನ್ನ ಹೆಂಡತಿಯದೇ ಧಾಟಿ, ಅವಳದೇ ಸೊಂಟದ ಮೇಲಿನ ಕೈ. ನಾನು ಮೆಟ್ಟಿಲ ಮೇಲೇ ಕುಸಿದು ಕೂತೆ. ಹೆಂಡತಿ ಗೋಡೆಗೆ ಹಣೆ ಒತ್ತಿಕೊಂಡು ನಗುತ್ತಿದ್ದಳು, ಉಸಿರು ಸಿಗದೆ ಕೈ ಬಡಿಯುತ್ತಿದ್ದಳು. ಒಳಗಿನಿಂದ ಮಾಶಿಮಾರ ಗಂಡ ಪೇಪರ್ ಹಿಡಿದುಕೊಂಡು ಬಂದು, ತಮ್ಮ ಸರದಿಯೆಂಬಂತೆ, "ಹಾಲು ಕುಡಿ! ಬೇಗ!" ಎಂದು ಸೇರಿಸಿದರು. ನಾವೆಲ್ಲ ಕಣ್ಣೊರೆಸಿಕೊಂಡೆವು.

ಮಾಶಿಮಾ ಹಿಂದಿ ಬಂಗಾಳಿ ಬೆರೆಸಿ ಹೇಳಿದರು: "ಮೊದಲು ನೀವಿಬ್ಬರೂ ಜಗಳ ಆಡ್ತಿದ್ದೀರಿ ಅಂತ ನಮಗೆ ಭಯ ಆಗಿತ್ತು. ಆಮೇಲೆ ಗೊತ್ತಾಯ್ತು, ದಿನಾ ಅದದೇ ಮಾತು. ಜಗಳ ಆದ್ರೆ ಒಂದೊಂದು ದಿನ ಒಂದೊಂದು ಥರ ಇರುತ್ತೆ. ಹಾಗೇ ಕೇಳಿ ಕೇಳಿ ಕಲಿತುಬಿಟ್ವಿ. ಚಪ್ಪಲಿ ಗೊತ್ತು. ಆ ಕೊನೇದು ಏನು ಬಾಬಾ? ಅದನ್ನೇ ನೀವು ಎಲ್ಲಕ್ಕಿಂತ ಜಾಸ್ತಿ ಹೇಳೋದು. ಕಿಬಿ ಕೇಳ್ಸೊಲ್ಬಾ?"

"ಓ, ಅದಾ? ಅದು ಸುಮ್ನೆ ಗದರೋದು ಮಾಶಿಮಾ. ನಿನಗೆ ಕಿವಿ..." ಎಂದು ನಗುತ್ತಲೇ ಹಿಂದಿಗೆ ತಿರುಗಿಸಲು ಹೊರಟೆ. ನಿನಗೆ ಕಿವಿ ಕೇಳಿಸುವುದಿಲ್ಲವಾ. ಹೆಂಡತಿಯ ಕಡೆ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಅವಳ ನಗು ಇನ್ನೂ ಮುಖದ ಮೇಲೇ ಇತ್ತು, ಇಳಿಸಲು ಮರೆತಂತೆ.

ನಮ್ಮ ಕಾಲ ಬಳಿ ಮಗಳು ಇಷ್ಟೂ ಗದ್ದಲದ ನಡುವೆ ಮೆಟ್ಟಿಲ ಕಂಬಿ ಎಣಿಸುತ್ತ ನಿಂತಿದ್ದಳು.

ತರಕಾರಿಗೆ ಹೋಗಲಿಲ್ಲ. ವಾಪಸು ಬಂದು ಅವಳನ್ನು ಬ್ಲಾಕ್ಸ್ ಜೋಡಿಸಲು ಕೂರಿಸಿದೆವು. ಹೆಂಡತಿ ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ "ಐಸ್‌ಕ್ರೀಮ್" ಅಂದಳು. ಮಗಳು ಬ್ಲಾಕ್ಸ್ ಜೋಡಿಸುತ್ತಿದ್ದಳು. ಸ್ವಲ್ಪ ಗಟ್ಟಿಯಾಗಿ ಅಂದಳು. ಇಲ್ಲ. ನಾವು ಸಾಧಾರಣವಾಗಿ ಕಿರುಚುವಷ್ಟು ಕಿರುಚಿದಾಗ ತಟ್ಟನೆ ತಿರುಗಿ, "ಎಲ್ಲಿ?" ಎಂದು ಎರಡೂ ಕೈ ಚಾಚಿದಳು. ಅವಳಿಗೆ ಐಸ್‌ಕ್ರೀಮ್ ಕೊಡಿಸಲೇಬೇಕಾಯಿತು. ಅದನ್ನು ಮೂವರೂ ತಿಂದೆವು.

ಮಕ್ಕಳ ಡಾಕ್ಟರು ಕಿವಿ ಮೂಗು ಗಂಟಲಿನ ಡಾಕ್ಟರ ಬಳಿ ಕಳಿಸಿದರು. ಆಕೆ ಚುರುಕು ಮಾತಿನ ಹೆಂಗಸು. ಮೊದಲು ಕೇಳುವ ಪರೀಕ್ಷೆ. ಗಾಜಿನ ಕೋಣೆಯಲ್ಲಿ ಮಗಳ ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಒಂದು ಬ್ಲಾಕನ್ನು ಬಕೆಟ್ಟಿಗೆ ಹಾಕಬೇಕು ಎಂದು ಹೇಳಿಕೊಟ್ಟರು. ನಾನು ಪಕ್ಕದಲ್ಲಿ ಕೂತಿದ್ದೆ, ಹೆಡ್‌ಫೋನಿನಿಂದ ಹೊರಗೆ ಸೋರುವ ಸದ್ದು ನನಗೂ ಕೇಳುತ್ತಿತ್ತು. ಮಗಳು ಟಪಟಪನೆ ಬ್ಲಾಕ್ಸ್ ಹಾಕತೊಡಗಿದಳು. ನನಗೋ ಹೆಮ್ಮೆ. ಸ್ವಲ್ಪ ಹೊತ್ತಿಗೆ ಪರೀಕ್ಷೆ ಮಾಡುತ್ತಿದ್ದ ಹುಡುಗಿ ಮೈಕಿನಲ್ಲಿ, "ಸರ್, ನೀವು ಹೊರಗೆ ಬನ್ನಿ. ಇವಳು ನಿಮ್ಮ ಹುಬ್ಬು ನೋಡಿ ಹಾಕ್ತಿದಾಳೆ" ಅಂದಳು. ನಾನು ಹೊರಗೆ ಬಂದ ಮೇಲೆ ಬಕೆಟ್ಟು ಬಹುಮಟ್ಟಿಗೆ ಖಾಲಿಯೇ ಉಳಿಯಿತು.

"ಕೇಳಿಸುವ ಶಕ್ತಿ ಹೋಗಿಲ್ಲ, ದಾರಿ ಕಟ್ಟಿದೆ ಅಷ್ಟೆ" ಎಂದರು ಡಾಕ್ಟರು. ಪದೇ ಪದೇ ಸೋಂಕಾಗಿ ಎರಡೂ ಕಿವಿತಮಟೆಗಳ ಹಿಂದೆ ಅಂಟು ನೀರು ನಿಂತುಬಿಟ್ಟಿತ್ತು, ಜೇನಿನ ಹಾಗೆ. ನೀರಲ್ಲಿ ಮುಳುಗಿಕೊಂಡು ಹೊರಗಿನವರ ಮಾತು ಕೇಳಿದರೆ ಹೇಗಿರುತ್ತದೋ ಹಾಗೆ ಅವಳಿಗೆ ನಮ್ಮ ಮಾತು. ಅವಳು ಅರ್ಧ ಕೇಳಿಸಿಕೊಂಡು ಉಳಿದರ್ಧ ತಾನೇ ಕಟ್ಟಿಕೊಳ್ಳುತ್ತಿದ್ದಳು. ಸೋಪು ಅವಳ ಲೆಕ್ಕದಲ್ಲಿ ಒಳ್ಳೆಯ ಊಹೆಯೇ ಆಗಿತ್ತು. ಎಷ್ಟೋ ಮಕ್ಕಳಿಗೆ ಅದು ತಾನಾಗಿಯೇ ಇಳಿಯುತ್ತದೆ, ಕೆಲವು ತಿಂಗಳು ನೋಡೋಣ ಎಂದರು. ನೋಡಿದೆವು. ಇಳಿಯಲಿಲ್ಲ. ನಡುವೆ ಮತ್ತೆ ಎರಡು ಸಲ ಗುಲಾಬಿ ಔಷಧಿ ಬಂದು ಹೋಯಿತು. ಕೊನೆಗೆ ಕಿವಿತಮಟೆಯಲ್ಲಿ ಸಣ್ಣ ತೂತು ಮಾಡಿ, ಅದು ಮುಚ್ಚಿಕೊಳ್ಳದಂತೆ ಒಂದೊಂದು ಪುಟಾಣಿ ನಳಿಕೆ ಇಡುವುದು ಎಂದಾಯಿತು. ಗ್ರಾಮೆಟ್ ಅನ್ನುತ್ತಾರೆ. ಎಳ್ಳಿನ ಕಾಳಿನಷ್ಟಿರುತ್ತದೆ.

ಆಪರೇಷನ್ ದಿನ ಬೆಳಿಗ್ಗೆ ಮಗಳು ಏನೂ ತಿನ್ನುವಂತಿರಲಿಲ್ಲ. ಅವಳ ಎದುರಿಗೆ ತಿನ್ನುವುದು ಹೇಗೆಂದು ನಾವೂ ಹಸಿದುಕೊಂಡೇ ಹೋದೆವು. ಆನೆಯನ್ನು ತಬ್ಬಿಕೊಂಡು ತಳ್ಳುಮಂಚದ ಮೇಲೆ ರಾಣಿಯ ಹಾಗೆ ಕೂತು ಒಳಗೆ ಹೋದಳು. ಆನೆಗೂ ಒಂದು ಹಸಿರು ಟೋಪಿ ಹಾಕಿದ್ದರು. ಬಾಗಿಲು ಮುಚ್ಚಿದ ಮೇಲೆ ಕ್ಯಾಂಟೀನಿಗೆ ಹೋಗಿ ಲುಚಿ ಹೇಳಿದೆವು. ಉಬ್ಬಿದ ಪೂರಿಯನ್ನು ಹೆಂಡತಿ ಬೆರಳಿನಿಂದ ಚುಚ್ಚಿದಳು, ಆವಿ ಬಂತು. ಅಷ್ಟರಲ್ಲಿ ಫೋನು. ಮುಗಿಯಿತು, ಬನ್ನಿ ಎಂದು.

"ಮುಗೀತಾ? ನಾವಿನ್ನೂ ತಿಂದೇ ಇಲ್ಲ!" ಎಂದೆ. ನರ್ಸಿಗೆ ಅದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಲುಚಿ ಕೈಯಲ್ಲೇ ಹಿಡಿದುಕೊಂಡು ಇಬ್ಬರೂ ಮೆಟ್ಟಿಲು ಹತ್ತಿ ಓಡಿದೆವು.

ಮಂಪರು ಇಳಿಯುವವರೆಗೂ ಸಿಟ್ಟಿನಿಂದ ಅತ್ತಳು. ಆನೆಯನ್ನು ಎಸೆದಳು. ನರ್ಸ್ ಅವಳ ಕೈಗೆ ಹಚ್ಚಿದ ಟೇಪನ್ನು ಚರ್ರೆಂದು ಕಿತ್ತಾಗ ತಲೆ ಥಟ್ಟನೆ ಆ ಕಡೆ ತಿರುಗಿತು. ಅಳು ನಿಂತಿತು. ನಾನು ಹತ್ತಿರ ಬಗ್ಗಿ, ಅಭ್ಯಾಸದಂತೆ ಎದೆ ತುಂಬ ಉಸಿರೆಳೆದುಕೊಂಡು, "ಪುಟ್ಟೀ! ನೋವಾಗ್ತಿದ್ಯಾ?" ಎಂದೆ.

ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, "ಅಪ್ಪಾ, ಯಾಕೆ ಕಿರುಚ್ತೀಯಾ?" ಅಂದಳು.

ಅಕ್ಕಪಕ್ಕದ ಮಂಚದವರಿಗೆ ಭಾಷೆ ಬಾರದಿದ್ದರೂ ಅರ್ಥವಾಯಿತು. ಎಲ್ಲರೂ ನಕ್ಕರು. ಹೆಂಡತಿ ನನ್ನ ಹೆಗಲಿಗೆ ಮುಖ ಒತ್ತಿದಳು, ಅವಳ ಕೈಯ ಲುಚಿಯ ಎಣ್ಣೆ ನನ್ನ ಅಂಗಿಗೆ ಮೆತ್ತಿಕೊಂಡಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅಂಗಿಯ ಮೇಲಿನ ಒದ್ದೆಯಿಂದಷ್ಟೇ ಗೊತ್ತಾಯಿತು.

ಸಂಜೆಗೆ ಮುಂಚೆಯೇ ಮನೆಗೆ ಕಳಿಸಿದರು. ಬಾಡಿಗೆ ಕಾರಿನಲ್ಲಿ ಕೂತೊಡನೆ, "ಒಳಗೆ ಹುಳ ಇದೆ" ಅಂದಳು. ಎಲ್ಲಿ ಎಂದು ಸೀಟಿನ ಕೆಳಗೆಲ್ಲ ಹುಡುಕಿದೆ. "ಟಿಕ್ ಟಿಕ್ ಅಂತಿದೆ" ಅಂದಳು. ಅದು ಇಂಡಿಕೇಟರ್! ಡ್ರೈವರಿಗೆ ವಿಷಯ ಹೇಳಿದೆ. ಆತ ಕನ್ನಡಿಯಲ್ಲಿ ಒಮ್ಮೆ ಅವಳನ್ನು ನೋಡಿ, ತಿರುಗಬೇಕಾದಲ್ಲಿ ಮಾತ್ರವಲ್ಲ, ಸಿಗ್ನಲ್ಲಿನಲ್ಲಿ ನಿಂತಾಗಲೂ ಇಂಡಿಕೇಟರ್ ಹಾಕಿದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹಿಂದಿನವರು ಹಾರನ್ ಬಡಿದು ಬೈದರು. ಮಗಳಿಗೆ ಆ ಹಾರನ್ನೂ ಖುಷಿ, ಆ ಬೈಗುಳವೂ ಖುಷಿ.

ಮನೆಗೆ ಬಂದ ಮೇಲೆ ಹಬ್ಬ. ಚಿಪ್ಸ್ ಪೊಟ್ಟಣವನ್ನು ಹಿಸುಕಿ ಕೇಳಿದಳು, ತಿನ್ನಲಿಲ್ಲ. ಹಳೆ ಪೇಪರ್‌ಗಳನ್ನು ಉದ್ದುದ್ದ ಹರಿದಳು. ಫ್ರಿಜ್ಜಿಗೆ ಕಿವಿ ಹಚ್ಚಿ "ಗುರ್ ಅಂತಿದೆ, ಮಲಗಿದೆ" ಅಂದಳು. ಅಮ್ಮನ ಹೊಟ್ಟೆಗೆ ಕಿವಿ ಹಚ್ಚಿದಳು, ಬೆಳಗಿನಿಂದ ಅರ್ಧ ಲುಚಿ ಮಾತ್ರ ಕಂಡಿದ್ದ ಹೊಟ್ಟೆ ಧಾರಾಳವಾಗಿ ಮಾತಾಡಿತು. ತನ್ನ ಚಪ್ಪಲಿ ಸದ್ದು ಮಾಡುತ್ತದೆಂದು ಕಂಡುಹಿಡಿದು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಪಟಪಟನೆ ಓಡಾಡಿದಳು. ಬಚ್ಚಲಿನಿಂದ "ಅಪ್ಪಾ, ಅಮ್ಮಾ, ಬೇಗ ಬನ್ನಿ!" ಎಂದು ಕೂಗಿದಾಗ ಏನಾಯಿತೋ ಎಂದು ಗಾಬರಿಯಿಂದ ಓಡಿದೆವು. ಉಚ್ಚೆ ಹೊಯ್ಯುತ್ತಿದ್ದಳು. ಅದು ಮಾಡುವ ಸದ್ದನ್ನು ನಾವೂ ಕೇಳಬೇಕಿತ್ತು. ನಿಂತು ಕೇಳಿದೆವು. ಚೆನ್ನಾಗಿತ್ತು.

ನಮಗೆ ಮಾತ್ರ ಕಿರುಚುವುದು ಬಿಡಲು ಬಹಳ ಕಾಲ ಹಿಡಿಯಿತು. ಬಾಯಿ ತೆರೆದರೆ ಸಾಕು ತುಟಿಯ ಮೇಲೆ ಬೆರಳಿಟ್ಟುಕೊಂಡು ಬರುತ್ತಿದ್ದಳು. ಗಂಡ ಹೆಂಡತಿ ಪಿಸುಗುಟ್ಟಿಕೊಂಡು ಸಂಸಾರ ಮಾಡಿದೆವು. ಆದರೆ ಪಿಸುಮಾತೂ ಅವಳಿಗೆ ಕೇಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಹೆಂಡತಿ ನನ್ನ ಕಿವಿಯಲ್ಲಿ "ಇವಳನ್ನ ಮಲಗಿಸಿ ಬಿರಿಯಾನಿ ತರಿಸೋಣ" ಅಂದರೆ, "ನಂಗೂ ಆಲೂಗಡ್ಡೆ!" ಎಂದು ಉತ್ತರ ಬರುತ್ತಿತ್ತು. ಇಲ್ಲಿನ ಬಿರಿಯಾನಿಯಲ್ಲಿ ಆಲೂಗಡ್ಡೆ ಇದ್ದೇ ಇರುತ್ತದೆ. ಸೊಪ್ಪಿಗೂ ಈಗ ಸ್ಪಷ್ಟ ಉತ್ತರವಿತ್ತು: "ಸೊಪ್ಪು ಬೇಡ." ಮಾತೂ ನೋಡನೋಡುತ್ತಿದ್ದಂತೆ ಉಕ್ಕಿಬಂತು. ಎಲ್ಲ ಭಾಷೆಗಳಲ್ಲೂ ಒಟ್ಟಿಗೇ.

ನೆಗಡಿಗಳು ಬರುವುದು ನಿಲ್ಲಲಿಲ್ಲ. ಚಳಿಗಾಲದಲ್ಲಿ ಒಂದು ಕಿವಿ ಸೋರಿತು. ಆದರೆ ನೀರು ಒಳಗೆ ನಿಲ್ಲದೆ ನಳಿಕೆಯಿಂದ ಹೊರಗೆ ಬಂದುಬಿಟ್ಟಿತು. ನೋವಿಲ್ಲ, ಜ್ವರವಿಲ್ಲ. ಡಾಕ್ಟರು ಬರೆದುಕೊಟ್ಟ ಹನಿ ಹಾಕಿ ಮುಗಿಸಿದೆವು.

ಕಿವಿಯ ಡಾಕ್ಟರು ಹಾಕಿದ್ದ ಒಂದೇ ಕಟ್ಟಪ್ಪಣೆ ಎಂದರೆ ಕಿವಿಗೆ ನೀರು ಹೋಗಕೂಡದು. ಹಾಗಾಗಿ ಪ್ರತಿ ತಲೆಸ್ನಾನಕ್ಕೂ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ತುರುಕಬೇಕು, ಒಬ್ಬರು ಹಣೆ ಹಿಡಿಯಬೇಕು, ಇನ್ನೊಬ್ಬರು ಚೊಂಬಿನಿಂದ ಹಿಂದಕ್ಕೆ ಹಿಂದಕ್ಕೆ ನೀರು ಬಿಡಬೇಕು. ದೇವರಿಗೆ ಅಭಿಷೇಕ ಮಾಡಿದಷ್ಟು ನಾಜೂಕು. ಕಳೆದ ಬೇಸಿಗೆಯಲ್ಲಿ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಎರಡೂ ನಳಿಕೆಗಳು ತಾವಾಗಿ ಕಳಚಿಕೊಂಡಿವೆ, ತೂತುಗಳು ಮುಚ್ಚಿವೆ, ಒಳಗೆ ಒಣಗಿದೆ, ಕೇಳುವುದು ಸರಿಯಾಗಿದೆ ಅಂದರು.

"ಹಾಗಾದ್ರೆ ಸ್ನಾನ?" ಎಂದು ಮಗಳೇ ಕೇಳಿದಳು.

"ಎಷ್ಟು ಬೇಕೋ ಅಷ್ಟು."

ಹೊರಗೆ ನೆಲ ಸುಡುತ್ತಿದ್ದ ಮಧ್ಯಾಹ್ನ. ಮನೆಗೆ ಬಂದವಳೇ ಬಟ್ಟೆ ಸಮೇತ ಬಚ್ಚಲಿಗೆ ನುಗ್ಗಿ ತುಂಬಿದ ಬಕೆಟ್ಟನ್ನು ತಲೆ ಮೇಲೆ ಎತ್ತಲು ನೋಡಿದಳು, ಆಗಲಿಲ್ಲ. ನಾನು ಎತ್ತಿ ಸುರಿದೆ. ಕಿರುಚಿದಳು, ಇನ್ನೊಂದು ಅಂದಳು. ಸುರಿದೆ. ಹೆಂಡತಿ ಬಾಗಿಲಲ್ಲಿ ನಿಂತು "ನೆಲ ಎಲ್ಲಾ ನೀರು ಕಣೋ" ಅನ್ನುವಷ್ಟರಲ್ಲಿ ಮಗಳು ಚೊಂಬು ತುಂಬಿಸಿ ಅವಳ ಮುಖಕ್ಕೇ ಎರಚಿದಳು. ಅವಳು ಒಂದು ಕ್ಷಣ ಹಾಗೇ ನಿಂತು, ದುಪಟ್ಟಾ ತೆಗೆದು ಬಾಗಿಲಿಗೆ ಸಿಕ್ಕಿಸಿ, ಒಳಗೆ ಬಂದು ನಲ್ಲಿಯನ್ನು ಪೂರ್ತಿ ತಿರುಗಿಸಿದಳು.